ರೇಡಿಯೋ ದೊಡ್ಡಮ್ಮನ ನೀಲಿ ಸೀಮೆಸುಣ್ಣ

ನಮ್ಮ ಬೀದಿಯಲ್ಲಿ ಹೊಲಿಗೆ ಮೆಷಿನ್ ಕೆಟ್ಟರೆ ಜನ ರಿಪೇರಿ ಅಂಗಡಿಗೆ ಹೋಗೋಣ ಎನ್ನುವುದಿಲ್ಲ, ರೇಡಿಯೋ ಹತ್ತಿರ ಹೋಗೋಣ ಎನ್ನುತ್ತಾರೆ. ಹೊಸಬರು ಕೇಳಿ ತಬ್ಬಿಬ್ಬಾಗುತ್ತಾರೆ. ರೇಡಿಯೋ ಎಂದರೆ ನನ್ನ ದೊಡ್ಡಮ್ಮ, ನನ್ನ ಅಮ್ಮನ ಅಕ್ಕ. ಅವಳ ಅಂಗಡಿಯಲ್ಲಿ ನಿಜವಾದ ರೇಡಿಯೋ ಇಲ್ಲ, ಇಡಲು ಅವಳು ಬಿಡುವುದೂ ಇಲ್ಲ. ಹಾಡು ಬರುತ್ತಿದ್ದರೆ ಮೆಷಿನ್ನಿನ ಸದ್ದು ಕೇಳಿಸುವುದಿಲ್ಲವಂತೆ. ಆ ಹೆಸರು ಬಂದದ್ದು ಅವಳ ಎದೆಯಿಂದ.

ಹುಟ್ಟಿದಾಗಿನಿಂದ ಅವಳ ಎದೆಯೊಳಗೆ ಒಂದು ಸದ್ದು. ನಮ್ಮ ನಿಮ್ಮ ಎದೆ ಲಬ್ ಡಬ್ ಎಂದರೆ ಅವಳದು ಜುಸ್ಸ್ ಜುಸ್ಸ್ ಎನ್ನುತ್ತಿತ್ತು. ಅಜ್ಜಿ ಎತ್ತಿಕೊಂಡರೆ ಅಂಗೈಗೆ ಸಣ್ಣ ನಡುಕವೂ ತಿಳಿಯುತ್ತಿತ್ತಂತೆ. ಆ ಕಾಲದ ಡಾಕ್ಟರೊಬ್ಬರು ಕಿವಿಗೊಟ್ಟು ಕೇಳಿ, ಹೃದಯದ ನಡುಗೋಡೆಯಲ್ಲಿ ತೂತಿದೆ, ಇವಳನ್ನು ಓಡಿಸಬೇಡಿ, ಭಾರ ಹೊರಿಸಬೇಡಿ, ಅಳಿಸಲೂಬೇಡಿ ಎಂದರು. ಅಳಿಸಬೇಡಿ ಎಂದದ್ದನ್ನು ದೊಡ್ಡಮ್ಮ ಚೆನ್ನಾಗಿ ನೆನಪಿಟ್ಟುಕೊಂಡಳು. ನನ್ನ ಅಮ್ಮನ ಗೊಂಬೆಗಳೆಲ್ಲ ಒಂದೊಂದಾಗಿ ಅಕ್ಕನ ಪಾಲಾದವು. ಅಮ್ಮ ಇವತ್ತಿಗೂ ಅದನ್ನು ಮರೆತಿಲ್ಲ.

ಆ ತೂತಿನ ದೆಸೆಯಿಂದಲೇ ಅವಳು ಮೆಕ್ಯಾನಿಕ್ ಆದಳು. ಉಳಿದ ಮಕ್ಕಳು ಬೀದಿಯಲ್ಲಿ ಓಡಾಡುವಾಗ ಇವಳನ್ನು ಅಜ್ಜನ ರಿಪೇರಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿರುತ್ತಿದ್ದರು. ಅಜ್ಜ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದ. ಹಾಗೆ ಮಾಡಿದರೆ ಒಳಗೆ ಏನು ನಡೆಯುತ್ತಿದೆ ಎನ್ನುವುದೆಲ್ಲ ಕಿವಿಗೆ ಬರುತ್ತದೆ. ಕಟಕಟ ಎಂದರೆ ಕೆಳಗಿನ ನೂಲು ನಡೆಸುವ ಶಟಲ್ ಸಡಿಲ, ಕೀಚ್ ಎಂದರೆ ಎಣ್ಣೆ ಒಣಗಿದೆ, ಉಜ್ಜಿದ ಹಾಗೆ ಕೇಳಿದರೆ ಬೆಲ್ಟ್ ಸವೆದಿದೆ. ಕೂತು ಕೂತು ಬೇಜಾರಾದ ಹುಡುಗಿ ಸ್ಕ್ರೂಡ್ರೈವರ್ ಕಸಿದುಕೊಂಡು ತಾನೂ ಕೇಳಿದಳು. ಮೀಸೆ ಬಂದ ಗಂಡಸರು ಅಜ್ಜನಿಗೆ ಮೆಷಿನ್ ತೋರಿಸುತ್ತಿದ್ದರೆ ಹಿಂದಿನಿಂದ ಇವಳ ದನಿ ಬರುತ್ತಿತ್ತಂತೆ, "ಶಟಲ್ಲು." ಅಜ್ಜ ಬಿಚ್ಚಿ ನೋಡಿದರೆ ಶಟಲ್ಲೇ.

ಅಂಗಡಿ ಅವಳ ಕೈಗೆ ಬಂದ ಮೇಲೆ ಎರಡು ಕಾನೂನು ಜಾರಿಯಾದವು. ಸದ್ದು ಹೆಚ್ಚಾದಷ್ಟೂ ರೋಗ ಹೆಚ್ಚು ಎನ್ನುವುದು ಒಂದು. ಓಡುತ್ತಿರುವ ಮೆಷಿನ್ನನ್ನು ಸುಮ್ಮನೆ ಬಿಚ್ಚಬಾರದು ಎನ್ನುವುದು ಇನ್ನೊಂದು. ರಿಪೇರಿ ಮುಗಿದ ಮೇಲೆ ಅವಳು ಕೊನೆಯ ಸಲ ಕಿವಿಗೊಟ್ಟು ಕೇಳುತ್ತಾಳೆ. ಬೇಡದ ಸದ್ದು ಒಂದಿಷ್ಟೂ ಇಲ್ಲದಿದ್ದರೆ, ಬಟ್ಟೆಯ ಮೇಲೆ ಗೆರೆ ಎಳೆಯುವ ನೀಲಿ ಸೀಮೆಸುಣ್ಣವನ್ನು ಏಪ್ರನ್ ಜೇಬಿನಿಂದ ತೆಗೆದು ಮೆಷಿನ್ನಿನ ಬದಿಗೆ ಒಂದು ರೈಟ್ ಗುರುತು ಹಾಕುತ್ತಾಳೆ. ಆ ಗುರುತು ಬೀಳದೆ ಮೆಷಿನ್ ಹೊಸ್ತಿಲು ದಾಟುವ ಹಾಗಿಲ್ಲ. ಒಮ್ಮೆ ಒಬ್ಬ ಮುದಿ ಟೈಲರ್ ಗೋಗರೆದ, "ತಾಯಿ, ಸ್ವಲ್ಪ ಸದ್ದಿದ್ರೆ ಇರ್ಲಿ ಬಿಡಿ, ನನಗೆ ಹೇಗೂ ಕಿವಿ ಕೇಳಲ್ಲ." ದೊಡ್ಡಮ್ಮ ಜಗ್ಗಲಿಲ್ಲ. "ನಿಮಗೆ ಕೇಳಲ್ಲ, ನನಗೆ ಕೇಳುತ್ತಲ್ಲ" ಎಂದಳು.

ನಾವು ಮಕ್ಕಳಾಗಿದ್ದಾಗ ಅವಳ ಎದೆಗೆ ಕಿವಿ ಇಡಲು ಸಾಲು ನಿಲ್ಲುತ್ತಿದ್ದೆವು. ಒಂದು ಪೆಪ್ಪರ್‌ಮಿಂಟ್ ಕೊಟ್ಟರೆ ಒಂದು ಸಲ ಕೇಳಬಹುದು. ಜುಸ್ಸ್ ಜುಸ್ಸ್ ಎಂದು ರೇಡಿಯೋ ಸ್ಟೇಷನ್ ಹುಡುಕುವಾಗ ಬರುವಂಥ ಸದ್ದು. ನನಗೆ ಮಾತ್ರ ಪುಕ್ಕಟೆ, ಏಕೆಂದರೆ ನಾನು ಅವಳ ಎದೆಯ ಮೇಲೇ ಮಲಗಿ ಬೆಳೆದವಳು. ಮದುವೆಯ ಮಾತು ಒಂದೆರಡು ಸಲ ಬಂದು, ತೂತಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಬಂದವರು ಕಾಲಿಗೆ ಬುದ್ಧಿ ಹೇಳಿದರು. ಅದನ್ನು ಅವಳು ನಗುತ್ತಲೇ ಹೇಳುತ್ತಾಳೆ, ನನಗೆ ಮಾತ್ರ ಈಗಲೂ ಸಿಟ್ಟು ಬರುತ್ತದೆ. ಡಾಕ್ಟರ ಹತ್ತಿರ ಹೋಗುವುದನ್ನು ಅವಳು ಹರೆಯದಲ್ಲೇ ಬಿಟ್ಟಳು. ನಾವು ಯಾರಾದರೂ ಆ ಮಾತೆತ್ತಿದರೆ ಎರಡನೆಯ ಕಾನೂನು ನಮ್ಮ ಮುಖಕ್ಕೇ ಬರುತ್ತಿತ್ತು, "ಓಡ್ತಾ ಇದೆ, ಬಿಚ್ಚೋದು ಬೇಡ."

ನಾನೂ ಅವಳ ಅಂಗಡಿಯಲ್ಲೇ ಪಳಗಿದೆ. ಶಾಲಾ ವ್ಯಾನ್ ಓಡಿಸುವವರನ್ನು ಮದುವೆಯಾಗಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ಸಂಸಾರ ಹೂಡಿದೆ. ನಮಗೆ ಮಗಳು ಹುಟ್ಟಿದಳು. ಹುಟ್ಟುವಾಗಲೇ ಅಂಗೈಯಗಲದ ಕೂಸು. ಮೆಷಿನ್ನಿನ ಕೆಳಗೆ ನೂಲು ಸುತ್ತಿ ಇಡುತ್ತಾರಲ್ಲ, ಬಾಬಿನ್, ಅಷ್ಟೇ ಇದ್ದಾಳೆ ಎಂದು ದೊಡ್ಡಮ್ಮ ಅಂದದ್ದೇ ಹೆಸರಾಯಿತು. ಈಗ ಅವಳ ಅಪ್ಪನೂ ಬಾಬಿನ್ ಎಂದೇ ಕರೆಯುವುದು.

ಸೂಜಿ ಹಾಕಿಸಲು ಹೋದಾಗ ಬೀದಿಯ ಕ್ಲಿನಿಕ್ಕಿನ ಡಾಕ್ಟರು ಬಾಬಿನ್ನಿನ ಎದೆ ಕೇಳಿ ಹುಬ್ಬು ಗಂಟಿಕ್ಕಿದರು. ಒಂದು ಸಣ್ಣ ಸದ್ದಿದೆ, ದೊಡ್ಡ ಆಸ್ಪತ್ರೆಯ ಮಕ್ಕಳ ಹೃದಯ ವಿಭಾಗಕ್ಕೆ ಹೋಗಿ ಬೇಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಎಂದರು. ಮಗುವನ್ನು ಅವಚಿಕೊಂಡು ಅಂಗಡಿಗೆ ಓಡಿ ಬಂದೆ. ದೊಡ್ಡಮ್ಮ ಕೈಯ ಎಣ್ಣೆ ಒರೆಸಿಕೊಂಡು ಬಾಬಿನ್ನನ್ನು ಎತ್ತಿ ಎದೆಗೆ ಕಿವಿ ಇಟ್ಟಳು. ಅಂಗಡಿಯಲ್ಲಿ ತಿರುಗುತ್ತಿದ್ದ ಮೆಷಿನ್ನನ್ನು ನಿಲ್ಲಿಸು ಎಂದು ಸನ್ನೆ ಮಾಡಿದಳು. ನಾನು ನಿಲ್ಲಿಸಿದೆ.

"ಇದೆ" ಎಂದಳು. "ನನ್ನದೇ ಜಾತಿಯ ಸದ್ದು. ಆದರೆ ನನ್ನದರ ಕಾಲು ಭಾಗಾನೂ ಇಲ್ಲ ಕಣೇ. ಮೆತ್ತಗೆ ಹೂಂ ಅಂತಿದೆ ಅಷ್ಟೇ."

"ಅಂದ್ರೆ?"

"ಅಂದ್ರೆ ಸಣ್ಣ ತೂತು. ನಂದು ಇಷ್ಟು ಗಲಾಟೆ ಮಾಡ್ಕೊಂಡೇ ಇಷ್ಟು ವರ್ಷ ಓಡಿಲ್ವಾ? ಇವಳದು ಏನು ಮಹಾ."

ಎಂಥ ನೆಮ್ಮದಿ. ಅಮ್ಮ ಆ ಸಂಜೆ ಬೀದಿಯವರಿಗೆಲ್ಲ ಟೀ ಮಾಡಿಕೊಟ್ಟಳು. ಮೆಷಿನ್ನಿನ ವಿಷಯದಲ್ಲಿ ಒಮ್ಮೆಯೂ ತಪ್ಪದ ಕಿವಿ ಅದು, ಅದನ್ನು ಬಿಟ್ಟು ಇನ್ಯಾರನ್ನು ನಂಬುವುದು? ಎಕೋ ಮಾಡಿಸೋಣ, ಆದರೆ ಅವಸರವೇನಿದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡೆವು. ಸದ್ದು ಕಡಿಮೆ, ರೋಗ ಕಡಿಮೆ. ಹೊಲಿಗೆ ಮೆಷಿನ್ನಿನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಬೇರೆ ಲೆಕ್ಕ ಹೊಳೆಯುವುದಾದರೂ ಹೇಗೆ?

ಆದರೆ ಬಾಬಿನ್ ದಪ್ಪಗಾಗಲಿಲ್ಲ. ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದಳು. ಹಣೆಯ ಮೇಲೆ ಬೆವರು ಮಣಿಮಣಿಯಾಗಿ ನಿಲ್ಲುತ್ತಿತ್ತು, ಫ್ಯಾನ್ ಕೆಳಗೂ ದಿಂಬು ಒದ್ದೆಯಾಗುತ್ತಿತ್ತು. ಪಕ್ಕೆಲುಬಿನ ಕೆಳಗೆ ಹೊಟ್ಟೆ ಒಳಕ್ಕೆ ಸೇದಿ ಸೇದಿ ಉಸಿರಾಡುತ್ತಿದ್ದಳು. ಎದುರು ಮನೆಯ ಮಗು ಇವಳಿಗಿಂತ ಚಿಕ್ಕದು, ಅದರ ತೊಡೆಯಲ್ಲಿ ಮಡಿಕೆ ಬಂದಿತ್ತು. ನನ್ನವಳ ಕಾಲು ಪೆನ್ಸಿಲ್. ಒಂದು ಬೆಳಿಗ್ಗೆ ಆ ಒದ್ದೆ ದಿಂಬನ್ನು ಕೈಯಲ್ಲಿ ಹಿಡಿದು ನಾನು ಕೆಳಗಿಳಿದು ಬಂದೆ. "ದೊಡ್ಡಮ್ಮ, ಅಂಗಡಿ ಮುಚ್ಚು. ಇವತ್ತೇ ಹೋಗೋಣ" ಎಂದೆ. ಅವಳು ದಿಂಬು ಮುಟ್ಟಿ ನೋಡಿದಳು. ಷಟರ್ ಎಳೆದಳು. ನನ್ನವರೂ ಆ ದಿನ ವ್ಯಾನ್ ಬಿಟ್ಟು ನಮ್ಮ ಜೊತೆ ಹೊರಟರು.

ಮಕ್ಕಳ ಹೃದಯ ವಿಭಾಗದ ಎಕೋ ಕೋಣೆ ಕತ್ತಲಾಗಿತ್ತು. ಗೋಡೆಯ ಮೇಲೆ ಯಾರೋ ಮೀನುಗಳ ಚಿತ್ರ ಅಂಟಿಸಿದ್ದರು. ಡಾಕ್ಟರಮ್ಮ ನನಗಿಂತ ಸ್ವಲ್ಪ ದೊಡ್ಡವರು, ಕುತ್ತಿಗೆಗೆ ಸ್ಟೆತಸ್ಕೋಪು, ಅದಕ್ಕೊಂದು ಪುಟ್ಟ ಕೋತಿಯ ಗೊಂಬೆ ಸಿಕ್ಕಿಸಿಕೊಂಡಿದ್ದರು. ಬಾಬಿನ್ ಕೋತಿಯನ್ನು ದಿಟ್ಟಿಸುತ್ತಿದ್ದಾಗ ಎದೆಗೆ ತಣ್ಣನೆಯ ಲೋಳೆ ಹಚ್ಚಿ ಯಂತ್ರದ ಕಡ್ಡಿಯನ್ನು ಒತ್ತಿದರು. ಪರದೆಯ ಮೇಲೆ ನನ್ನ ಮಗಳ ಹೃದಯ ಕಾಣಿಸಿತು. ಏನು ಹೇಳಲಿ, ಹೆದರಿಕೆಯಲ್ಲೂ ನನಗೆ ರೋಮಾಂಚನವಾಯಿತು. ಬಾಗಿಲುಗಳು ಪಟಪಟನೆ ತೆರೆದು ಮುಚ್ಚುತ್ತಿದ್ದವು, ರಕ್ತ ಕೆಂಪು ನೀಲಿ ಬಣ್ಣವಾಗಿ ಹರಿಯುತ್ತಿತ್ತು. ನಡುಗೋಡೆಯಲ್ಲಿ ಒಂದು ಕಡೆ ಆ ಬಣ್ಣ ಗೋಡೆಯನ್ನೇ ದಾಟಿ ಧಾರಾಳವಾಗಿ ಆಚೆಗೆ ಹೋಗುತ್ತಿತ್ತು.

"ಹೃದಯದಲ್ಲಿ ಕೆಳಗಡೆ ಎರಡು ಕೋಣೆ" ಎಂದು ಡಾಕ್ಟರಮ್ಮ ತೋರಿಸಿದರು. "ಎಡಗಡೆದು ಇಡೀ ಮೈಗೆ ರಕ್ತ ತಳ್ಳುತ್ತೆ, ಜೋರು ಜಾಸ್ತಿ. ಬಲಗಡೆದು ಶ್ವಾಸಕೋಶಕ್ಕೆ ಮಾತ್ರ. ಮಧ್ಯದ ಗೋಡೆಯಲ್ಲಿ ತೂತಿದ್ರೆ ಎಡಗಡೆಯ ರಕ್ತ ಬಲಗಡೆಗೆ ನುಗ್ಗಿ, ಮತ್ತೆ ಶ್ವಾಸಕೋಶಕ್ಕೇ ಹೋಗುತ್ತೆ. ಅಲ್ಲಿ ರಕ್ತ ತುಂಬಿ ತುಳುಕ್ತಾ ಇದೆ. ಅದಕ್ಕೇ ಈ ಏದುಸಿರು. ನಾವು ಮೆಟ್ಟಿಲು ಹತ್ತಿದ ಹಾಗೆ ಇವಳಿಗೆ ಹಾಲು ಕುಡಿಯೋದು. ಕುಡಿದದ್ದೆಲ್ಲ ಉಸಿರಾಡೋಕೇ ಖರ್ಚಾಗುತ್ತೆ, ತೂಕ ಎಲ್ಲಿಂದ ಬರಬೇಕು? ತೂತು ದೊಡ್ಡದಿದೆ."

"ಇಲ್ಲ" ಎಂದಳು ದೊಡ್ಡಮ್ಮ. "ದೊಡ್ಡದಿರೋಕೆ ಸಾಧ್ಯ ಇಲ್ಲ ಡಾಕ್ಟರೇ. ನಾನು ಕೇಳಿದೀನಿ. ಸದ್ದೇ ಇಲ್ಲ."

ಡಾಕ್ಟರಮ್ಮ ನಗಲಿಲ್ಲ. ಅದು ನನಗೆ ಅವರ ಮೇಲೆ ಪ್ರೀತಿ ಹುಟ್ಟಿಸಿತು. "ಅಂಗಳ ತೊಳೆಯೋ ಪೈಪ್ ಇದೆಯಲ್ಲ ಅಮ್ಮ, ಬಾಯಿ ಪೂರ್ತಿ ತೆರೆದಿದ್ರೆ ನೀರು ಸುಮ್ಮನೆ ಸುರಿಯುತ್ತೆ. ಹೆಬ್ಬೆಟ್ಟು ಒತ್ತಿ ಚಿಕ್ಕದು ಮಾಡಿದ್ರೆ?"

"ಜುಸ್ಸ್ ಅನ್ನುತ್ತೆ" ಎಂದಳು ದೊಡ್ಡಮ್ಮ, ಮೆಲ್ಲಗೆ.

"ಇಲ್ಲೂ ಅಷ್ಟೇ. ಸಣ್ಣ ತೂತಿನ ಸದ್ದು ಜೋರು. ದೊಡ್ಡ ತೂತು ಗಲಾಟೆ ಮಾಡಲ್ಲ."

ದೊಡ್ಡಮ್ಮ ಸೋಲೊಪ್ಪುವವಳಲ್ಲ. "ನನಗೂ ತೂತಿದೆ. ನನ್ನ ಯಾರೂ ಕುಯ್ದಿಲ್ಲ. ನಾನು ಬದುಕಿಲ್ವಾ?" ಡಾಕ್ಟರಮ್ಮನ ಮುಖ ಅರಳಿತು. ಅಂಥ ತೂತುಗಳನ್ನು ಹೊತ್ತೇ ದೊಡ್ಡವರಾದವರನ್ನೂ ತಾವೇ ನೋಡಿಕೊಳ್ಳುವುದೆಂದು ಹೇಳಿ, ಬಾಬಿನ್ನನ್ನು ನನ್ನ ತೊಡೆಗೆ ಕೊಟ್ಟು, "ನೀವು ಮಲಗಿ, ನೋಡೇ ಬಿಡೋಣ" ಎಂದರು. ಇಡೀ ಜೀವನ ಆಸ್ಪತ್ರೆ ಎಂದರೆ ಮೂಗು ಮುರಿದ ನನ್ನ ದೊಡ್ಡಮ್ಮ, ಮಕ್ಕಳ ಪುಟ್ಟ ಮಂಚದ ಮೇಲೆ ಕಾಲು ಮಡಚಿಕೊಂಡು ಮಲಗಿದಳು. ಪರದೆಯ ಮೇಲೆ ಅವಳ ಹೃದಯ ಬಂತು. ಗೋಡೆಯ ಒಂದು ಮೂಲೆಯಲ್ಲಿ ನೂಲಿನೆಳೆಯಷ್ಟು ಸಣ್ಣ ಬಣ್ಣದ ಗೆರೆ ಚಿಮ್ಮುತ್ತಿತ್ತು. ಇಷ್ಟು ವರ್ಷ ಬೀದಿಗೆಲ್ಲ ಕೇಳಿಸಿದ ರೇಡಿಯೋ ಅದೇ.

ನಿಮ್ಮದನ್ನು ಮುಚ್ಚಬೇಕಾಗಿಲ್ಲ, ಹೃದಯ ದೊಡ್ಡದಾಗಿಲ್ಲ, ಶ್ವಾಸಕೋಶದ ಒತ್ತಡವೂ ಸರಿಯಿದೆ ಎಂದು ಡಾಕ್ಟರಮ್ಮ ಹೇಳಿದರು. ದೊಡ್ಡಮ್ಮ ಬೀಗಲು ಬಾಯಿ ತೆರೆದಳು. ತೆರೆದ ಬಾಯಿಗೆ ಅವರು ಟಾರ್ಚ್ ಬಿಟ್ಟರು. "ಈ ಹುಳುಕು ಹಲ್ಲು ಇದೆಯಲ್ಲ, ಇದನ್ನ ಮೊದಲು ಸರಿ ಮಾಡಿಸಿ. ಹಲ್ಲಿನ ಕ್ರಿಮಿ ರಕ್ತಕ್ಕೆ ಇಳಿದು ಈ ತೂತಿನ ಹತ್ತಿರ ಮನೆ ಮಾಡಿದ್ರೆ ದೊಡ್ಡ ಆಪತ್ತು. ಬಿಡದೆ ಜ್ವರ ಬಂದ್ರೆ ಯಾವ ಡಾಕ್ಟರಿಗಾದ್ರೂ ತೂತಿನ ವಿಷಯ ಹೇಳಬೇಕು. ಪಕ್ಕದ ಕವಾಟ ಸೋರೋಕೆ ಶುರು ಮಾಡಿದೆಯಾ ಅಂತ ಆಗಾಗ ನೋಡಬೇಕು. ಓಡ್ತಾ ಇದೆ ಅಂತ ಎಣ್ಣೆ ಹಾಕೋದು ಬಿಡ್ತೀರಾ?"

ಮೆಷಿನ್ ರಿಪೇರಿಯವಳು ಎಂದು ನಾನು ಹೇಳಿದ್ದನ್ನು ಅವರು ಎಷ್ಟು ಬೇಗ ಉಪಯೋಗಕ್ಕೆ ತಂದುಕೊಂಡರು ನೋಡಿ. ದೊಡ್ಡಮ್ಮ ನಾಲಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡಳು.

ಬಾಬಿನ್ನಿನ ವಿಷಯ ಹಾಗಲ್ಲ. ಮೈಯ ನೀರು ಇಳಿಸುವ ಹನಿ ಔಷಧ ಕೊಟ್ಟರು. ಹಾಲಿಗೆ ಬಲ ಬರುವ ಪುಡಿ ಬೆರೆಸಿ, ಒಂದೇ ಸಲಕ್ಕೆ ಒತ್ತಾಯ ಮಾಡದೆ ಸ್ವಲ್ಪ ಸ್ವಲ್ಪವೇ ಕುಡಿಸಲು ಹೇಳಿದರು. ಕೆಲವು ತೂತು ಮಗು ಬೆಳೆದ ಹಾಗೆ ತಾನೇ ಕಿರಿದಾಗುತ್ತದೆ, ಕೆಲವು ಮುಚ್ಚಿಯೇ ಹೋಗುತ್ತದೆ. ಕಿರಿದಾಗದೆ ಹೋದರೆ ಎದೆ ತೆರೆದು ಮುಚ್ಚಬೇಕು. ಹಾಗೇ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಜಡ್ಡುಗಟ್ಟುತ್ತವೆ, ಆಮೇಲೆ ತೂತು ಮುಚ್ಚಲೂ ಬರುವುದಿಲ್ಲ, ತುಟಿ ಉಗುರು ನೀಲಿಯಾಗಿಯೇ ಉಳಿಯುತ್ತದೆ ಎಂದರು. ಎದೆ ತೆರೆಯುವುದು ಎಂದ ಕೂಡಲೇ ನನ್ನ ಗಂಡ ಗೋಡೆಯ ಮೀನುಗಳನ್ನು ನೋಡತೊಡಗಿದರು. ಬೆರಳು ಕುಯ್ದರೆ ತಲೆ ತಿರುಗುವ ಮನುಷ್ಯ. ಓಡುತ್ತಿರುವುದನ್ನು ಬಿಚ್ಚಬಾರದು ಎಂದು ದೊಡ್ಡಮ್ಮ ಈಗ ಹೇಳುತ್ತಾಳೆ, ಮನೆಯವರೆಲ್ಲ ಅವಳ ಹಿಂದೆ ನಿಲ್ಲುತ್ತಾರೆ, ನಾನು ಒಬ್ಬಳೇ ಆಗುತ್ತೇನೆ ಎಂದು ನನಗೆ ದಿಗಿಲಾಯಿತು.

ಮನೆಗೆ ಬಂದವಳೇ ದೊಡ್ಡಮ್ಮ ಅಂಗಡಿಯ ಹಿಂದಿನ ಕಲ್ಲುಹಾಸಿಗೆ ಹೋದಳು. ನಲ್ಲಿಗೆ ಪೈಪ್ ಸಿಕ್ಕಿಸಿ ನೀರು ಬಿಟ್ಟಳು. ನೀರು ಸದ್ದಿಲ್ಲದೆ ದೊಗದೊಗನೆ ಬಿತ್ತು. ಹೆಬ್ಬೆಟ್ಟು ಒತ್ತಿದಳು, ಜುಸ್ಸ್. ತೆಗೆದಳು, ಮೌನ. ಮತ್ತೆ ಒತ್ತಿದಳು. ಕಿವಿಯನ್ನು ಪೈಪಿಗೇ ಹತ್ತಿರ ತಂದು ಕೇಳಲು ಹೋಗಿ ಮುಖ, ಏಪ್ರನ್, ಒಣಗಲು ಹಾಕಿದ್ದ ಬಟ್ಟೆ ಎಲ್ಲ ತೊಯ್ದುಹೋಯಿತು. ಬಾಬಿನ್ ನನ್ನ ಸೊಂಟದ ಮೇಲೆ ಕೂತು ಅದನ್ನು ನೋಡಿ ನಕ್ಕಳು. ಅಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು.

ಒದ್ದೆ ಮುಖದಲ್ಲೇ ದೊಡ್ಡಮ್ಮ ನನ್ನ ಹತ್ತಿರ ಬಂದಳು. "ನನ್ನ ಕಿವಿ ಸುಳ್ಳು ಹೇಳಿರಲಿಲ್ಲ ಕಣೇ. ಅದು ಹೇಳಿದ್ದನ್ನ ನಾನು ತಿರುಗಾಮುರುಗಾ ಅರ್ಥ ಮಾಡ್ಕೊಂಡೆ" ಎಂದಳು. ಏಪ್ರನ್ನಿನ ನೀರು ಹಿಂಡಿಕೊಂಡು, "ಬಿಚ್ಚಬೇಕು ಅಂದ್ರೆ ಬಿಚ್ಚಿಸೋಣ. ಇದು ಓಡ್ತಾ ಇರೋ ಮೆಷಿನ್ ಅಲ್ಲ, ತನ್ನ ತಾನೇ ಸವೆಸ್ತಾ ಇರೋ ಮೆಷಿನ್ನು" ಎಂದಳು. ನಾನು ಅವಳನ್ನು ತಬ್ಬಿಕೊಂಡೆ. ನಾನೂ ತೊಯ್ದೆ, ಬಾಬಿನ್ನೂ ತೊಯ್ದಳು, ಮೂವರಿಗೂ ಅಮ್ಮನಿಂದ ಬೈಗುಳ ಬಿತ್ತು.

ಅಲ್ಲಿಂದ ನಮ್ಮ ಮನೆಯೇ ತಲೆಕೆಳಗಾಯಿತು. ಇಡೀ ಬದುಕು ಸದ್ದು ಅಡಗಿಸುವುದೇ ಕೆಲಸವಾಗಿದ್ದವರು ಈಗ ಸದ್ದು ಬರಲಿ ಎಂದು ಕಾಯತೊಡಗಿದೆವು. ತೂತು ಕಿರಿದಾದರೆ ಸದ್ದು ಹೆಚ್ಚಬೇಕು ತಾನೆ? ಬೆಳಿಗ್ಗೆ ಷಟರ್ ಎತ್ತುವ ಮೊದಲು ದೊಡ್ಡಮ್ಮ ಮೇಲೆ ಬಂದು ಬಾಬಿನ್ನಿನ ಎದೆಗೆ ಕಿವಿ ಇಡುತ್ತಿದ್ದಳು. ಅಮ್ಮ ಸ್ಟವ್ ಆರಿಸುತ್ತಿದ್ದಳು, ನನ್ನವರು ಹಲ್ಲುಜ್ಜುವುದನ್ನು ನಿಲ್ಲಿಸುತ್ತಿದ್ದರು. "ಜೋರಾಯ್ತಾ?" "ಇಲ್ಲ." ಸುಳ್ಳು ಹೇಳಿ ಸಮಾಧಾನ ಮಾಡುವುದು ಅವಳಿಗೆ ಬರುವುದಿಲ್ಲ. ಆಮೇಲೆ ಹಾಲಿನ ಸೇವೆ. ದೊಡ್ಡಮ್ಮ, ಅಮ್ಮ, ನಾನು ಸರದಿಯ ಮೇಲೆ ಚಮಚ ಹಿಡಿದು ಕೂರುತ್ತಿದ್ದೆವು. ಗಿರಾಕಿಗಳು ಮೆಷಿನ್ ಹೊತ್ತು ಬಂದು, ತಮ್ಮ ಮೆಷಿನ್ ಮರೆತು, "ಎಷ್ಟು ಕುಡಿದಳು?" ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು. ಆ ಮುದಿ ಟೈಲರಂತೂ ಕಿವಿ ಕೇಳದಿದ್ದರೂ ದಿನಾ ಕೇಳುತ್ತಿದ್ದ. ನಡುವೆ ದೊಡ್ಡಮ್ಮ ಹೋಗಿ ಹಲ್ಲು ಸರಿ ಮಾಡಿಸಿಕೊಂಡು ಬಂದಳು. ಯಾರಿಗೂ ಹೇಳಿರಲಿಲ್ಲ, ಕೆನ್ನೆ ಊದಿದ್ದರಿಂದ ಸಿಕ್ಕಿಬಿದ್ದಳು.

ಔಷಧದಿಂದ ಏದುಸಿರು ಸ್ವಲ್ಪ ಇಳಿಯಿತು. ತೂಕ ಮಾತ್ರ ಮುನಿಸಿಕೊಂಡಂತೆ ಅಲ್ಲೇ ನಿಂತಿತ್ತು. ಸದ್ದೂ ಜೋರಾಗಲಿಲ್ಲ. ಮತ್ತೆ ಎಕೋ ನೋಡಿದ ಡಾಕ್ಟರಮ್ಮ, ತೂತು ಹಾಗೇ ಇದೆ, ಇನ್ನು ಕಾಯುವುದು ಬೇಡ ಎಂದರು. ನನಗೆ ಅಳು ಬಂತು. ಅದೇ ಗಳಿಗೆಯಲ್ಲಿ ಒಳಗೆಲ್ಲೋ ಒಂದು ಹುರುಪೂ ಎದ್ದಿತು. ಕಾಯುವುದು ಮುಗಿಯಿತು, ಇನ್ನು ರಿಪೇರಿ.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಸರ್ಜನ್ ನಮ್ಮನ್ನು ಕೂರಿಸಿ ವಿವರಿಸಿದರು. ಎತ್ತರದ ಮನುಷ್ಯ, ಬೆರಳುಗಳು ಮಾತ್ರ ಹುಡುಗಿಯ ಬೆರಳಿನ ಹಾಗೆ ಸಪೂರ. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೇವೆ, ಅಷ್ಟು ಹೊತ್ತು ಒಂದು ಯಂತ್ರವೇ ಮಗುವಿನ ಹೃದಯದ ಕೆಲಸ, ಶ್ವಾಸಕೋಶದ ಕೆಲಸ ಎರಡನ್ನೂ ಮಾಡುತ್ತದೆ, ತೂತಿಗೆ ಒಂದು ತೇಪೆ ಇಟ್ಟು ಸುತ್ತಲೂ ಹೊಲಿಯುತ್ತೇವೆ ಎಂದರು. ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದು ಹೇಳಲಾರೆ ಎಂದೂ ಸೇರಿಸಿದರು. ದೊಡ್ಡಮ್ಮ ಕುರ್ಚಿಯ ತುದಿಗೆ ಬಂದಳು.

"ತೇಪೆ ಯಾವುದರದ್ದು?"

"ಬಟ್ಟೆ ಥರಾನೇ ಅಮ್ಮ. ಪಾಲಿಯೆಸ್ಟರ್."

"ನೂಲು?"

"ಕರಗದ ನೂಲು. ಹೆಚ್ಚು ಕಡಿಮೆ ಕೂದಲಿನಷ್ಟು ಸಣ್ಣ. ನೀಲಿ ಬಣ್ಣದ್ದು."

"ನೀಲಿ" ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ಪಾಲಿಯೆಸ್ಟರ್ ಬಟ್ಟೆ, ನೀಲಿ ನೂಲು, ಕೈಹೊಲಿಗೆ. ನಮಗೆ ಗೊತ್ತಿರುವ ಕೆಲಸವೇ. ನನ್ನ ಭಯದ ಅರ್ಧ ಅಲ್ಲೇ ಇಳಿಯಿತು. ಸರ್ಜನ್ನರ ಪಕ್ಕದಲ್ಲಿ ಆ ಯಂತ್ರ ನಡೆಸುವ ತಂತ್ರಜ್ಞ ನಿಂತಿದ್ದ. ದೊಡ್ಡಮ್ಮ ಅವನನ್ನೂ ಬಿಡಲಿಲ್ಲ. "ನಿಮ್ಮ ಮೆಷಿನ್ ಸದ್ದು ಹೇಗಪ್ಪ?" ಎಂದು ಕೇಳಿದಳು. ಆತ ತಲೆ ಕೆರೆದುಕೊಂಡು, "ಸಣ್ಣಗೆ ಗುಂಯ್ ಅನ್ನುತ್ತೆ ಅಮ್ಮ" ಎಂದ. "ಗುಂಯ್ ಅಂದ್ರೆ ಸರಿ. ಕಟಕಟ ಅಂತೇನಾದ್ರೂ ಕೇಳಿದ್ರೆ ಅಸಡ್ಡೆ ಮಾಡಬೇಡ" ಎಂದಳು. ಆತ ನಗು ತಡೆದುಕೊಂಡು, ಖಂಡಿತ ಅಮ್ಮ, ಎಂದು ತಲೆಯಾಡಿಸಿದ.

ಮರುದಿನ ಬಾಬಿನ್ನನ್ನು ಒಳಗೆ ಕರೆದುಕೊಂಡು ಹೋದರು. ಎರಡು ರೆಕ್ಕೆಯ ಬಾಗಿಲು ಮುಚ್ಚಿಕೊಂಡಿತು. ನನ್ನವರು ಗೋಡೆಗೆ ಒರಗಿ ನಿಂತರು, ಅಮ್ಮ ಕಣ್ಣು ಮುಚ್ಚಿದಳು. ದೊಡ್ಡಮ್ಮ ಮಾತ್ರ ಬಾಗಿಲ ಹತ್ತಿರದ ಬೆಂಚಿನಲ್ಲಿ ಕುತ್ತಿಗೆ ವಾಲಿಸಿ ಕೂತಿದ್ದಳು, ಅಷ್ಟು ದೂರದಿಂದ ಆ ಗುಂಯ್ ಕೇಳಿಸುತ್ತದೇನೋ ಎನ್ನುವ ಹಾಗೆ. ಏನೂ ಕೇಳಿಸುತ್ತಿರಲಿಲ್ಲ. ಟ್ರಾಲಿಯ ಗಾಲಿ, ಯಾರದೋ ಚಪ್ಪಲಿ, ಕೆಳಮಹಡಿಯ ಲಿಫ್ಟು, ಅಷ್ಟೇ. ಆ ಬೆಂಚಿನ ಮೇಲೆ ನಾನು ಅವಳ ಎದೆಗೆ ತಲೆ ಇಟ್ಟೆ, ಚಿಕ್ಕವಳಿದ್ದಾಗಿನ ಹಾಗೆ. ಜುಸ್ಸ್ ಜುಸ್ಸ್ ಎನ್ನುತ್ತಿತ್ತು. ಎಂದಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅವಳಿಗೂ ನನ್ನಷ್ಟೇ ಭಯವಾಗಿದೆ ಎಂದು ಅದರಿಂದಲೇ ಗೊತ್ತಾದದ್ದು.

ಬಾಗಿಲು ತೆರೆದು ಸರ್ಜನ್ ಬಂದರು. ಮುಖಕ್ಕೆ ಕಟ್ಟಿದ್ದನ್ನು ಕೆಳಗೆ ಎಳೆದುಕೊಂಡರು. ನಗುತ್ತಿದ್ದರು. "ಮುಚ್ಚಿದೀವಿ. ಒಂದು ಹನೀನೂ ಸೋರ್ತಿಲ್ಲ." ನನ್ನ ಗಂಡ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಮ್ಮ ಸಿಕ್ಕಸಿಕ್ಕವರ ಕೈ ಹಿಡಿದುಕೊಳ್ಳುತ್ತಿದ್ದಳು, ಬೇರೆ ಯಾರದೋ ಕಡೆಯವರನ್ನೂ ಬಿಡಲಿಲ್ಲ.

ಬಾಬಿನ್ನನ್ನು ವಾರ್ಡಿಗೆ ತಂದ ಮೇಲೆ ಅವಳ ಪಾದ ಮುಟ್ಟಿದೆ. ಬೆಚ್ಚಗಿತ್ತು. ಮೊದಲೆಲ್ಲ ಆ ಪಾದ ಸದಾ ತಣ್ಣಗಿರುತ್ತಿತ್ತು. ಎದೆಯ ನಡುವೆ ಪಟ್ಟಿ ಅಂಟಿಸಿದ್ದರು. ನರ್ಸ್ ಹಾಲಿನ ಬಾಟಲಿ ಕೊಟ್ಟು, ನೋಡೋಣ ಎಂದರು. ನನ್ನ ಮಗಳು ಕುಡಿಯಲು ಶುರು ಮಾಡಿದಳು. ನಾಲ್ಕು ಗುಟುಕಿಗೆ ನಿಲ್ಲುತ್ತಾಳೆ ಎಂದು ನಾನು ಬಾಟಲಿ ಹಿಂದೆ ತೆಗೆಯಹೋದೆ. ಅವಳು ಬಿಡಲಿಲ್ಲ. ಕುಡಿದಳು, ಕುಡಿದಳು, ಬಾಟಲಿ ಖಾಲಿಯಾಗಿ ಗಾಳಿ ಎಳೆದು, ಇನ್ನೂ ಬೇಕೆಂದು ಕಿರುಚಿದಳು. ಹಣೆ ಒಣಗಿತ್ತು. ಅಷ್ಟು ಸೊಗಸಾದ ಕಿರುಚಾಟವನ್ನು ನಾನು ಕೇಳಿಲ್ಲ.

ಗಾಯ ಮಾಗಿದ ಮೇಲೆ ದೊಡ್ಡಮ್ಮ ಕಿವಿ ಇಟ್ಟಳು. ಬಹಳ ಹೊತ್ತು ಕೇಳಿದಳು. "ಲಬ್ ಡಬ್" ಎಂದಳು. "ಬೇರೆ ಏನೂ ಇಲ್ಲ." ನಾನು, "ಹಾಗಾದ್ರೆ ರೈಟ್ ಹಾಕು" ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಸದ್ದಿಲ್ಲ ಅಂತ ಒಂದು ಸಲ ಖುಷಿಪಟ್ಟು ಬುದ್ಧಿ ಕಲಿತಿದೀನಿ. ಆ ಡಾಕ್ಟರಮ್ಮ ಹೇಳಲಿ, ಆಮೇಲೆ ನೋಡೋಣ." ಅಂಗಡಿಯ ಕಾನೂನಿಗೆ ಅವಳು ಮಾಡಿದ ತಿದ್ದುಪಡಿ ಅದೊಂದೇ.

ಈಗ ಬಾಬಿನ್ ಬೀದಿಯಲ್ಲಿ ಓಡುತ್ತಾಳೆ, ಬೀಳುತ್ತಾಳೆ, ಮನಸ್ಸಿಗೆ ಬಂದಷ್ಟು ಅಳುತ್ತಾಳೆ. ಅಂಗಡಿಗೆ ನುಗ್ಗಿ ಸ್ಕ್ರೂಡ್ರೈವರುಗಳನ್ನು ಚೆಲ್ಲಾಪಿಲ್ಲಿ ಮಾಡುತ್ತಾಳೆ. ಮೊನ್ನೆ ಅವಳನ್ನೂ ದೊಡ್ಡಮ್ಮನನ್ನೂ ಒಟ್ಟಿಗೇ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಬಾಬಿನ್ನಿನ ತೇಪೆ ಭದ್ರ, ಶ್ವಾಸಕೋಶ ಮೊದಲಿನ ಕಷ್ಟವನ್ನೇ ಮರೆತಿದೆ, ಇನ್ನು ಅಪರೂಪಕ್ಕೆ ಬಂದರೆ ಸಾಕು ಎಂದರು ಡಾಕ್ಟರಮ್ಮ. ದೊಡ್ಡಮ್ಮನ ತೂತು ಇದ್ದ ಹಾಗೇ ಇದೆ, ಕವಾಟ ಚೆನ್ನಾಗಿದೆ, ಹಲ್ಲು ಬಹಳ ಚೆನ್ನಾಗಿದೆ ಎಂದರು.

ವಾಪಸ್ ಬಂದು ಅಂಗಡಿಯ ಸ್ಟೂಲಿನ ಮೇಲೆ ದೊಡ್ಡಮ್ಮ ಕೂತ ಕೂಡಲೇ ಬಾಬಿನ್ ತೊಡೆ ಏರಿ ಅವಳ ಎದೆಗೆ ಕಿವಿ ಅಂಟಿಸಿದಳು. ರೇಡಿಯೋ ಕೇಳಿ ಮುಗಿಸಿ, ತನ್ನ ಫ್ರಾಕನ್ನು ಮುಂದೆ ಮಾಡಿ, "ಈಗ ನಂದು ಕೇಳು" ಎಂದಳು. ದೊಡ್ಡಮ್ಮ ಕೇಳಿದಳು.

"ಏನ್ ಹೇಳ್ತು?"

"ಏನೂ ಇಲ್ಲ. ಬರೀ ಲಬ್ ಡಬ್."

ಬಾಬಿನ್ನಿನ ತುಟಿ ಕೆಳಗೆ ಬಂತು. "ನಿಂದು ಹಾಡುತ್ತೆ. ನಂದು ಯಾಕೆ ಹಾಡಲ್ಲ? ನಂದು ಕೆಟ್ಟೋಗಿದ್ಯಾ?"

ದೊಡ್ಡಮ್ಮ ನನ್ನ ಕಡೆ ನೋಡಿದಳು. ಹುಟ್ಟಿದಾಗಿನಿಂದ ಅಳಬಾರದು ಎಂದು ಬೆಳೆದವಳು, ಅವಳ ಕಣ್ಣು ತುಂಬಿ ಬಂದದ್ದನ್ನು ನಾನು ಕಂಡೆ. "ಇಲ್ಲಮ್ಮ. ನಿಂದು ರಿಪೇರಿ ಆಗಿದೆ" ಎಂದು ಏಪ್ರನ್ ಜೇಬಿಗೆ ಕೈ ಹಾಕಿದಳು. ನೀಲಿ ಸೀಮೆಸುಣ್ಣ ತೆಗೆದು, ಫ್ರಾಕಿನ ಎದೆಯ ಮೇಲೆ, ಆ ಗಾಯದ ಗೆರೆ ಇರುವ ಕಡೆ, ಒಂದು ರೈಟ್ ಗುರುತು ಹಾಕಿದಳು.

ಬಾಬಿನ್ ಅದನ್ನು ತಲೆ ಬಗ್ಗಿಸಿ ನೋಡಿಕೊಂಡಳು. ಆಮೇಲೆ ಸೀಮೆಸುಣ್ಣವನ್ನು ಕಿತ್ತುಕೊಂಡು ದೊಡ್ಡಮ್ಮನ ಏಪ್ರನ್ನಿನ ಕಡೆ ಕೈ ಚಾಚಿದಳು. ದೊಡ್ಡಮ್ಮ ಹಿಂದೆ ಸರಿದಳು. "ನನಗೆ ಬೇಡ ಪುಟ್ಟಿ. ನಂದು ಸದ್ದು ಮಾಡುತ್ತೆ. ಸದ್ದು ಮಾಡೋದಕ್ಕೆ ನಾವು ಹಾಕಲ್ಲ."

ಬಾಬಿನ್ ಕೇಳಲಿಲ್ಲ. ನಾಲಗೆ ಹೊರಗೆ ಹಾಕಿ, ಇದ್ದಬದ್ದ ಬಲವೆಲ್ಲ ಬಿಟ್ಟು, ಏಪ್ರನ್ನಿನ ಈ ಅಂಚಿನಿಂದ ಆ ಅಂಚಿಗೆ ಒಂದು ಸೊಟ್ಟ ರೈಟ್ ಎಳೆದಳು. ಸಂಜೆಯವರೆಗೂ ಗಿರಾಕಿಗಳು ಬಂದರು, ಹೋದರು, ಮುದಿ ಟೈಲರ್ ಕೂಡ ಬಂದು ಕಣ್ಣರಳಿಸಿ ನೋಡಿದ. ದೊಡ್ಡಮ್ಮ ಅದನ್ನು ಒರೆಸಲಿಲ್ಲ.